ಎತ್ತರಿಸಿದ ಜೀಪಿನ ಸ್ಟೀರಿಂಗ್ ನಡುಗುತ್ತಿದ್ದರೆ ಕಾರಣ ಹುಡುಕುವ ಬಗೆ

ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಸೀಮೆಯ ತೋಟದ ದಾರಿಗಳಲ್ಲಿ ಇಂದಿಗೂ ದುಡಿಯುತ್ತಿರುವ ಮಾರುತಿ ಜಿಪ್ಸಿ, ಮಹೀಂದ್ರ ಎಂಎಂ 540ಯಂಥ ಜೀಪುಗಳಿಗೆ ಎರಡು ಮೂರು ಇಂಚು ಎತ್ತರ ಕೊಟ್ಟು ದೊಡ್ಡ ಟೈರು ಹಾಕಿಸಿದವರಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ಒಂದೇ ದೂರು ಹೇಳುತ್ತಾರೆ. ತೋಟದೊಳಗೆ ಗಾಡಿ ಚೆನ್ನಾಗಿಯೇ ಓಡುತ್ತದೆ, ಆದರೆ ಡಾಂಬರು ರಸ್ತೆಗೆ ಬಂದು ಅರವತ್ತು ಎಪ್ಪತ್ತರ ವೇಗ ಮುಟ್ಟಿದೊಡನೆ ಸ್ಟೀರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ. ಇದನ್ನು ಸರಿಪಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಅಲೈನ್‌ಮೆಂಟ್ ಮಾಡಿಸುತ್ತಾರೆ, ಆಮೇಲೆ ಸ್ಟೀರಿಂಗಿನ ಒದೆತವನ್ನು ತಡೆಯುವ ಶಾಕ್ ಅಬ್ಸಾರ್ಬರಿನಂಥ ಸ್ಟೀರಿಂಗ್ ಡ್ಯಾಂಪರ್ ಬದಲಿಸುತ್ತಾರೆ, ಕೊನೆಗೆ ಲಿಫ್ಟ್ ಕಿಟ್ಟನ್ನೇ ಬೈದು ಬಿಚ್ಚಿಹಾಕುತ್ತಾರೆ. ಈ ಕ್ರಮ ತಲೆಕೆಳಗಾದದ್ದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಎತ್ತರ ಹೆಚ್ಚಿಸಿದ್ದರಿಂದ ನಡುಕ ಹುಟ್ಟಿತು ಎನ್ನುವುದು ಅರ್ಧ ನಿಜ ಮಾತ್ರ. ಮುಂದಿನ ಆಕ್ಸಲಿನಲ್ಲಿ ಮೊದಲೇ ಇದ್ದ ಸಡಿಲವನ್ನು ಎತ್ತರವೂ ಟೈರಿನ ಭಾರವೂ ಬಯಲಿಗೆ ತಂದಿರುತ್ತವೆ. ಆದ್ದರಿಂದ ಏನನ್ನೂ ಕೊಳ್ಳುವ ಮೊದಲು, ಏನನ್ನೂ ತಿರುಗಿಸಿ ಹೊಂದಿಸುವ ಮೊದಲು, ಆ ಸಡಿಲ ಎಲ್ಲಿದೆ ಎಂದು ಕೈಯಿಂದ ಮುಟ್ಟಿ ಕಂಡುಕೊಳ್ಳಬೇಕು.

ಇಲ್ಲಿ ಹೇಳುವುದು ಮುಖ್ಯವಾಗಿ ಮುಂದೆಯೂ ಹಿಂದೆಯೂ ಇಡೀ ಆಕ್ಸಲ್ (ಎಡಬಲದ ಚಕ್ರಗಳೆರಡನ್ನೂ ಹಿಡಿದಿರುವ ಒಂದೇ ದೂಲ) ಇರುವ, ಪ್ಲೇಟ್ ಸ್ಪ್ರಿಂಗಿನ ಮೇಲೆ ನಿಂತ ಜೀಪುಗಳಿಗೆ ಅನ್ವಯಿಸುತ್ತದೆ. 2023ರಲ್ಲಿ ನಮ್ಮಲ್ಲಿ ಮಾರಾಟಕ್ಕೆ ಬಂದ ಐದು ಬಾಗಿಲಿನ ಜಿಮ್ನಿಗೂ ಮುಂದೆ ಇಡೀ ಆಕ್ಸಲೇ ಇದೆ, ಆದರೆ ಅದು ಕಾಯಿಲ್ ಸ್ಪ್ರಿಂಗಿನ ಗಾಡಿಯಾದ್ದರಿಂದ ಅದರಲ್ಲಿ ನೋಡಬೇಕಾದ ಒಂದೆರಡು ಸಂಗತಿಗಳನ್ನು ಮುಂದೆ ಬೇರೆಯಾಗಿ ಹೇಳಿದ್ದೇನೆ. 2020ರ ಥಾರ್‌ನಂತೆ ಮುಂದಿನ ಚಕ್ರಗಳು ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವ ಗಾಡಿಗಳಲ್ಲಿ ಲಕ್ಷಣವೂ ಕಾರಣವೂ ಬೇರೆ; ಅಲ್ಲಿ ಬಾಲ್ ಜಾಯಿಂಟು, ಆರ್ಮಿನ ಬುಶ್ಶು, ಟೈ ರಾಡ್ ಎಂಡುಗಳನ್ನು ನೋಡಿ, ಎತ್ತರ ಬದಲಾದಾಗಲೆಲ್ಲ ಅಲೈನ್‌ಮೆಂಟನ್ನು ಮತ್ತೆ ಮಾಡಿಸಲೇಬೇಕು.

ಮೊದಲು ಲಕ್ಷಣವನ್ನು ಬರೆದಿಟ್ಟುಕೊಳ್ಳಿ

ಎಲ್ಲ ನಡುಕವೂ ಒಂದೇ ಅಲ್ಲ. ಗಾಡಿಯ ಕೆಳಗೆ ಮಲಗುವ ಮೊದಲು, ಖಾಲಿಯಾದ ನೇರ ರಸ್ತೆಯಲ್ಲಿ ಒಮ್ಮೆ ಓಡಿಸಿ, ಯಾವ ವೇಗದಲ್ಲಿ ಶುರುವಾಗುತ್ತದೆ, ಯಾವ ವೇಗದಲ್ಲಿ ನಿಲ್ಲುತ್ತದೆ, ಹಳ್ಳ ಅಥವಾ ಸೇತುವೆಯ ಜೋಡಣೆ ಸಿಕ್ಕಾಗ ಮಾತ್ರ ಬರುತ್ತದೆಯೇ, ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆಯೇ, ಸ್ಟೀರಿಂಗಿನಲ್ಲಿ ತಿಳಿಯುತ್ತದೆಯೇ ಅಥವಾ ಸೀಟಿನಲ್ಲಿ ತಿಳಿಯುತ್ತದೆಯೇ ಎಂಬುದನ್ನು ಗಮನಿಸಬೇಕು. ಈ ಐದು ಪ್ರಶ್ನೆಗಳ ಉತ್ತರದಿಂದಲೇ ಅರ್ಧ ಕೆಲಸ ಮುಗಿಯುತ್ತದೆ.

ಎಂಬತ್ತರ ಆಸುಪಾಸಿನಲ್ಲಿ ಸಣ್ಣಗೆ ಶುರುವಾಗಿ, ವೇಗ ಇನ್ನಷ್ಟು ಹೆಚ್ಚಿದಾಗ ಕಡಿಮೆಯಾಗುವ ನಡುಕ ಬಹುತೇಕ ಚಕ್ರದ ಬ್ಯಾಲೆನ್ಸಿನದು. ಬ್ರೇಕ್ ಒತ್ತಿದಾಗ ಮಾತ್ರ ಬರುವುದು ಡಿಸ್ಕ್ ಅಥವಾ ಡ್ರಮ್ಮಿನದು. ನೆಲದಲ್ಲಿ, ಸೀಟಿನಲ್ಲಿ ಗುಂಯ್‌ಗುಟ್ಟುತ್ತ, ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆಯಾಗಿ, ಬಿಟ್ಟಾಗ ಇನ್ನೊಂದು ಬಗೆಯಾಗಿ ಕೇಳುವುದು ಎಂಜಿನ್ನಿನ ಶಕ್ತಿಯನ್ನು ಆಕ್ಸಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನದು. ಗಾಡಿ ಎತ್ತರವಾದಾಗ ಶಾಫ್ಟಿನ ಯೂನಿವರ್ಸಲ್ ಜಾಯಿಂಟುಗಳ ಕೋನ ಕಡಿದಾಗುವುದರಿಂದ ಇದು ಬರುತ್ತದೆ, ಸ್ಟೀರಿಂಗಿಗೂ ಇದಕ್ಕೂ ಸಂಬಂಧವಿಲ್ಲ. ಹಳ್ಳ ಸಿಕ್ಕಾಗ ಗಾಡಿ ಒಂದು ಕಡೆಗೆ ತಾನಾಗಿ ತಿರುಗಿ ಮತ್ತೆ ಸುಮ್ಮನಾಗುವುದು ಡ್ರ್ಯಾಗ್ ಲಿಂಕಿನ, ಅಂದರೆ ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳಿನ, ಕೋನದ ದೋಷ. ಇವೆಲ್ಲಕ್ಕಿಂತ ಭಯಂಕರವಾದದ್ದು ಐದನೆಯದು. ಐವತ್ತರಿಂದ ಎಂಬತ್ತರ ನಡುವೆ ಎಲ್ಲೋ ಒಂದು ಸಣ್ಣ ಗುಂಡಿ ಸಿಗುತ್ತದೆ, ಎರಡೂ ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ಬಡಿದಾಡಲು ಶುರುಮಾಡುತ್ತವೆ, ಮತ್ತು ಗುಂಡಿ ದಾಟಿ ಎಷ್ಟೇ ದೂರ ಹೋದರೂ ವೇಗ ಇಳಿಯುವ ತನಕ ಅದು ನಿಲ್ಲುವುದಿಲ್ಲ. ಇದು ತನ್ನನ್ನು ತಾನೇ ಬೆಳೆಸಿಕೊಳ್ಳುವ ಓಲಾಟ. ಹೀಗಾದಾಗ ಬ್ರೇಕನ್ನು ಗಟ್ಟಿಯಾಗಿ ತುಳಿಯಬಾರದು. ಹೆಬ್ಬೆರಳುಗಳನ್ನು ಸ್ಟೀರಿಂಗಿನ ಕಡ್ಡಿಗಳಿಂದ ಹೊರಗಿಟ್ಟು, ಚಕ್ರವನ್ನು ನೆಟ್ಟಗೆ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗಲು ಬಿಟ್ಟು ಪಕ್ಕಕ್ಕೆ ನಿಲ್ಲಿಸಬೇಕು. ಕಾರಣ ಸಿಗುವ ತನಕ ಆ ಗಾಡಿಯನ್ನು ಹೆದ್ದಾರಿಗೆ ಒಯ್ಯಬಾರದು.

ಟೈರು ಮತ್ತು ರಿಮ್ಮು

ಖರ್ಚಿಲ್ಲದ ಪರೀಕ್ಷೆಗಳಿಂದ ಆರಂಭಿಸುವುದು ಒಳ್ಳೆಯದು. ಕೆಸರಿನ ದಾರಿಗಾಗಿ ಗಾಳಿ ಇಳಿಸಿ, ಹದಿನೈದು ಹದಿನೆಂಟು ಪಿಎಸ್‌ಐ ಮಾಡಿಕೊಂಡು ಹೋದವರು ವಾಪಸು ಬರುವಾಗ ತುಂಬಿಸಲು ಮರೆತಿರುತ್ತಾರೆ. ತಣ್ಣಗಿರುವ ಟೈರಿನಲ್ಲಿ ಎರಡೂ ಬದಿಯ ಗಾಳಿಯನ್ನು ಅಳೆದು, ತಯಾರಕರು ಹೇಳಿದ ಮಟ್ಟಕ್ಕೆ ಸಮನಾಗಿ ತನ್ನಿ.

ಆಮೇಲೆ ರಿಮ್ಮಿನ ಒಳಬದಿಯನ್ನು ನೋಡಿ. ಮಳೆಗಾಲದಲ್ಲಿ ತೋಟದಿಂದ ಬಂದ ಜೀಪಿನ ರಿಮ್ಮಿನೊಳಗೆ ಕೆಮ್ಮಣ್ಣು ಮೆತ್ತಿಕೊಂಡು, ರಾತ್ರಿ ಕಳೆಯುವುದರೊಳಗೆ ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿರುತ್ತದೆ. ಅದೂ ಸುತ್ತಲೂ ಸಮನಾಗಿ ಅಲ್ಲ, ಗಾಡಿ ನಿಂತಾಗ ಕೆಳಗಿದ್ದ ಭಾಗದಲ್ಲಿ ಹೆಚ್ಚಾಗಿ. ಬ್ಯಾಲೆನ್ಸಿಂಗಿನಲ್ಲಿ ಹತ್ತು ಇಪ್ಪತ್ತು ಗ್ರಾಮಿನ ಸೀಸಕ್ಕೆ ಲೆಕ್ಕವಿರುವಾಗ, ಒಂದು ಹಿಡಿ ಮಣ್ಣು ಏನು ಮಾಡಬಲ್ಲದೆಂದು ಊಹಿಸಬಹುದು. ಹೊರಗಿನಿಂದ ಎಷ್ಟು ತೊಳೆದರೂ ಇದು ಹೋಗದು. ಚಕ್ರ ಬಿಚ್ಚಿ, ಮರದ ಚಕ್ಕೆಯಿಂದ ಕೆರೆದು ತೆಗೆಯಬೇಕು. ಅದೇ ಸಮಯದಲ್ಲಿ ರಿಮ್ಮಿಗೆ ಅಂಟಿಸಿದ ಸೀಸದ ತುಂಡುಗಳು ಉದುರಿಹೋದ ಗುರುತಿದೆಯೇ ಎಂದು ನೋಡಿಕೊಳ್ಳಿ. ಜಾಕಿ ಏರಿಸಿದ ಚಕ್ರದ ಪಕ್ಕದಲ್ಲಿ ಒಂದು ಇಟ್ಟಿಗೆಯನ್ನು ಟೈರಿಗೆ ತಾಗಿಯೂ ತಾಗದಂತೆ ಇಟ್ಟು, ಕೈಯಿಂದ ಚಕ್ರ ತಿರುಗಿಸಿದರೆ ಟೈರು ಓರೆಯಾಗಿದೆಯೇ, ಗುಂಡಗಿದೆಯೇ ಎಂಬುದು ಸಂದಿಯ ಏರಿಳಿತದಿಂದ ಕಣ್ಣಿಗೇ ಕಾಣುತ್ತದೆ.

ದಪ್ಪ ಗುಂಡಿಗಳ ಬಟನ್ ಟೈರನ್ನು ಎಷ್ಟು ಬ್ಯಾಲೆನ್ಸ್ ಮಾಡಿಸಿದರೂ ಸ್ವಲ್ಪ ಗುನುಗು ಉಳಿಯುತ್ತದೆ. ನೈಲಾನ್ ಟೈರುಗಳು ಒಂದೇ ಕಡೆ ಬಹಳ ದಿನ ನಿಂತರೆ ಕೆಳಭಾಗ ಚಪ್ಪಟೆಯಾಗಿ, ಮೊದಲ ಕೆಲವು ಕಿಲೋಮೀಟರು ಕುಲುಕಾಡಿಸಿ ಬಿಸಿಯಾದ ಮೇಲೆ ಸುಮ್ಮನಾಗುತ್ತವೆ. ಇದಕ್ಕೆ ಗಾಬರಿಪಡಬೇಕಿಲ್ಲ. ಟೈರಿನ ಮೇಲೆಯೇ ಅನುಮಾನ ಉಳಿದರೆ ಮುಂದಿನ ಎರಡು ಚಕ್ರಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಹಾಕಿ ಓಡಿಸಿ. ನಡುಕ ಸ್ಟೀರಿಂಗಿನಿಂದ ಸೀಟಿಗೆ ಬಂದರೆ ದೋಷ ಟೈರಿನದು. ಸ್ಟೀರಿಂಗಿನಲ್ಲೇ ಉಳಿದರೆ ಕೆಳಗೆ ಮಲಗಬೇಕು.

ಅಲಾಯ್ ರಿಮ್ಮು ಅಥವಾ ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಕೂರಿಸುವ ದಪ್ಪ ಬಿಲ್ಲೆ) ಹಾಕಿಸಿದವರು ನಟ್ಟಿನ ತುದಿ ರಿಮ್ಮಿನ ಕುಳಿಗೆ ಸರಿಯಾಗಿ ಹೊಂದುತ್ತದೆಯೇ ಎಂದು ನೋಡಲೇಬೇಕು. ಶಂಕುವಿನಾಕಾರದ ಕುಳಿಗೆ ಚಪ್ಪಟೆ ತಳದ ನಟ್ಟು ಹಾಕಿದರೆ ಚಕ್ರ ನಡುವಿನಲ್ಲಿ ಕೂರುವುದಿಲ್ಲ, ಬಿಗಿಯೂ ನಿಲ್ಲುವುದಿಲ್ಲ. ಜೊತೆಗೆ, ಸ್ಪೇಸರ್ ಚಕ್ರವನ್ನು ಹೊರಕ್ಕೆ ತಳ್ಳುವುದರಿಂದ ರಸ್ತೆಯ ಪ್ರತಿ ಪೆಟ್ಟಿಗೂ, ಚಕ್ರ ಎಡಬಲಕ್ಕೆ ತಿರುಗುವ ಅಚ್ಚಾದ ಕಿಂಗ್‌ಪಿನ್ನನ್ನು ತಿರುಚಲು ಹೆಚ್ಚು ಉದ್ದದ ಸನ್ನೆ ಸಿಕ್ಕಂತಾಗುತ್ತದೆ. ನನ್ನ ಮಟ್ಟಿಗೆ, ತೋಟದ ಗಾಡಿಗೆ ಸ್ಪೇಸರ್ ಬೇಡ.

ಕೆಳಗೆ ಮಲಗಿ ಮುಟ್ಟಿ ನೋಡುವುದು

ಈ ಪರೀಕ್ಷೆಗೆ ಇಬ್ಬರು ಬೇಕು. ಗಾಡಿಯನ್ನು ಸಮನಾದ ನೆಲದಲ್ಲಿ, ನಾಲ್ಕೂ ಚಕ್ರ ನೆಲಕ್ಕೆ ಊರಿರುವಂತೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ಪವರ್ ಸ್ಟೀರಿಂಗ್ ಇದ್ದರೆ ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು ಎಂಜಿನ್ ಓಡುತ್ತಿರಲಿ. ಒಬ್ಬರು ಸ್ಟೀರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ, ಟೈರು ತಿರುಗಲು ಶುರುವಾಗುವಷ್ಟು ಮಾತ್ರ, ಬಿಡದೆ ಆಡಿಸುತ್ತಿರಬೇಕು. ಕೆಳಗಿರುವವರು ಪ್ರತಿಯೊಂದು ಜೋಡಣೆಯ ಮೇಲೆ, ಎರಡೂ ಭಾಗಗಳಿಗೆ ತಾಗುವಂತೆ, ಬೆರಳು ಇಟ್ಟು ನೋಡಬೇಕು. ಒಂದು ಭಾಗ ಚಲಿಸಿ ಇನ್ನೊಂದು ತಡವಾಗಿ ಚಲಿಸಿದರೆ ಅದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತದೆ. ಮೆಕ್ಯಾನಿಕ್ಕುಗಳು ಇದನ್ನೇ ‘ಆಟ’ ಎನ್ನುತ್ತಾರೆ.

ಸ್ಟೀರಿಂಗ್ ಬಾಕ್ಸಿನಿಂದ ಆರಂಭಿಸಿ ಚಕ್ರದ ಕಡೆಗೆ ಹೋಗಿ. ಬಾಕ್ಸೇ ಚಾಸಿಯ ಮೇಲೆ ಅಲುಗಾಡುತ್ತಿದೆಯೇ ಎಂದು ಮೊದಲು ನೋಡಬೇಕು. ಹಳೆಯ ಜೀಪುಗಳಲ್ಲಿ ಬಾಕ್ಸಿನ ಬೋಲ್ಟು ಸಡಿಲವಾಗಿರುವುದಷ್ಟೇ ಅಲ್ಲ, ಬೋಲ್ಟಿನ ಸುತ್ತ ಚಾಸಿಯೇ ಬಿರುಕು ಬಿಟ್ಟಿರುವುದುಂಟು. ತುಕ್ಕಿನ ಸಣ್ಣ ಗೆರೆ ಕಂಡರೆ ತಂತಿ ಬ್ರಷ್ಷಿನಿಂದ ಉಜ್ಜಿ ನೋಡಿ. ಆಮೇಲೆ ಬಾಕ್ಸಿನಿಂದ ಇಳಿಯುವ ಆರ್ಮು, ಡ್ರ್ಯಾಗ್ ಲಿಂಕಿನ ಎರಡು ತುದಿ, ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಟೈ ರಾಡಿನ ಎರಡು ತುದಿ. ರಬ್ಬರ್ ಟೋಪಿ ಹರಿದು, ಒಳಗಿನ ಗ್ರೀಸಿನ ಬದಲು ಕೆಂಪು ನೀರು ಒಸರುತ್ತಿದ್ದರೆ ಆ ಎಂಡಿನ ಕಾಲ ಮುಗಿದಿದೆ. ಎಂಡು ತನ್ನ ಕುಳಿಯಲ್ಲಿ ಸುತ್ತಲೂ ಹೊರಳುವುದು ಸಹಜ, ಆದರೆ ಮೇಲೆ ಕೆಳಗೆ ಕಟಕಟ ಎಂದರೆ ಬದಲಿಸಲೇಬೇಕು.

ಸ್ಟೀರಿಂಗ್ ಬಾಕ್ಸಿನ ಮೇಲಿರುವ ಹೊಂದಾಣಿಕೆ ಸ್ಕ್ರೂವನ್ನು ಬಿಗಿ ಮಾಡಿ ಆಟ ತೆಗೆದೆವು ಎನ್ನುವವರಿದ್ದಾರೆ. ಆಟ ಬಾಕ್ಸಿನೊಳಗೇ ಇದೆಯೆಂದು ಖಚಿತವಾಗುವ ತನಕ ಅದನ್ನು ಮುಟ್ಟಬಾರದು. ಅತಿಯಾಗಿ ಬಿಗಿದ ಬಾಕ್ಸು ತಿರುವಿನಿಂದ ತಾನಾಗಿ ನೆಟ್ಟಗಾಗುವುದಿಲ್ಲ, ಒಳಗಿನ ಹಲ್ಲುಗಳೂ ಬೇಗ ಸವೆಯುತ್ತವೆ.

ಪ್ಲೇಟುಗಳ ಕಡೆಗೆ ಬಂದರೆ, ಯು ಬೋಲ್ಟುಗಳು ಬಿಗಿಯಾಗಿವೆಯೇ, ಪ್ಲೇಟಿನ ನಡುಬೋಲ್ಟು ತುಂಡಾಗಿ ಆಕ್ಸಲ್ ಹಿಂದೆ ಮುಂದೆ ಜರುಗಿದೆಯೇ, ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ಲಿನ ಬುಶ್ಶುಗಳು ಹಿಸುಕಿಹೋಗಿವೆಯೇ ಎಂದು ನೋಡಬೇಕು. ಎತ್ತರ ಮಾಡಿಸುವಾಗ ಹಳೆಯ ಯು ಬೋಲ್ಟುಗಳನ್ನೇ ಮತ್ತೆ ಹಾಕಿದ್ದರೆ ಅವನ್ನು ಬದಲಿಸಿ. ಒಮ್ಮೆ ಎಳೆದು ಬಿಗಿದ ಬೋಲ್ಟು ಎರಡನೆಯ ಸಲ ಅದೇ ಹಿಡಿತ ಕೊಡದು.

ಕಿಂಗ್‌ಪಿನ್ ಬೇರಿಂಗ್: ಹೆಚ್ಚಿನವರು ಬಿಟ್ಟುಬಿಡುವ ಜಾಗ

ಜಿಪ್ಸಿಯಲ್ಲಾಗಲಿ ಎಂಎಂ 540ಯಲ್ಲಾಗಲಿ ಮುಂದಿನ ಚಕ್ರ ಎಡಬಲಕ್ಕೆ ತಿರುಗುವುದು ಆಕ್ಸಲಿನ ತುದಿಯಲ್ಲಿ ಚಕ್ರವನ್ನು ಹೊರುವ, ಗುಂಡು ಮುಚ್ಚಳದಂಥ ನಕಲ್ಲಿನ ಮೇಲೆ ಮತ್ತು ಕೆಳಗೆ ಕೂತಿರುವ ಎರಡು ಟೇಪರ್ ಬೇರಿಂಗುಗಳ ಮೇಲೆ. ಕಿಂಗ್‌ಪಿನ್ನಿನ ಅಡಿಯಲ್ಲಿರುವ ತೆಳುವಾದ ಲೋಹದ ಬಿಲ್ಲೆಗಳು, ಅಂದರೆ ಶಿಮ್ಮುಗಳು, ಈ ಬೇರಿಂಗುಗಳಿಗೆ ಎಷ್ಟು ಒತ್ತಡ ಬೀಳಬೇಕೆಂಬುದನ್ನು ನಿರ್ಧರಿಸುತ್ತವೆ. ಆ ಒತ್ತಡದಿಂದ ಹುಟ್ಟುವ ಸಣ್ಣ ಬಿಗಿಯೇ ಚಕ್ರದ ಓಲಾಟಕ್ಕೆ ಮೊದಲ ಕಡಿವಾಣ. ಬೇರಿಂಗ್ ಸವೆದು ಬಿಗಿ ಹೋದ ಮೇಲೆ, ಮೂಲ ಟೈರಿನ ಹಗುರವಾದ ಚಕ್ರ ಹೇಗೋ ಸುಮ್ಮನಿರಬಹುದು. ಅದೇ ಜಾಗಕ್ಕೆ ಭಾರವಾದ ದೊಡ್ಡ ಟೈರು ಬಂದಾಗ ಅದನ್ನು ಹಿಡಿದು ನಿಲ್ಲಿಸುವವರಿಲ್ಲ.

ನನ್ನ ಜೀಪಿಗೆ ಎರಡು ಇಂಚು ಎತ್ತರ ಮಾಡಿಸಿದ ಮೇಲೆ ಬೇಲೂರು–ಹಾಸನ ರಸ್ತೆಯಲ್ಲಿ ಮೊದಲ ಸಲ ಈ ಓಲಾಟ ಬಂದಾಗ, ಒಂದು ಗ್ಯಾರೇಜಿನವರು ಹೊಸ ಡ್ಯಾಂಪರ್ ಹಾಕಿಕೊಟ್ಟರು. ಒಂದೂವರೆ ತಿಂಗಳು ನೆಮ್ಮದಿಯಾಗಿತ್ತು. ಆಮೇಲೆ ಬಂದದ್ದು ಮೊದಲಿಗಿಂತ ಕೆಟ್ಟದಾಗಿತ್ತು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ಕು ಮುಂದಿನ ಚಕ್ರವನ್ನು ಜಾಕಿಯ ಮೇಲೆ ಎತ್ತಿ, ಟೈರಿನ ನೆತ್ತಿಯನ್ನೂ ತಳವನ್ನೂ ಹಿಡಿದು ಒಳಕ್ಕೆ ಹೊರಕ್ಕೆ ಅಲುಗಿಸಿದರು. ಟಕ್ ಟಕ್ ಎಂದಿತು. ನಾನು ವೀಲ್ ಬೇರಿಂಗ್ ಇರಬೇಕೆಂದೆ. ಅವರು “ಹತ್ತಿ ಕೂತು ಬ್ರೇಕ್ ತುಳಿಯಪ್ಪ” ಎಂದರು. ನಾನು ಬ್ರೇಕ್ ತುಳಿದು ಹಿಡಿದೆ, ಅವರು ಮತ್ತೆ ಅಲುಗಿಸಿದರು. ಟಕ್ ಟಕ್ ನಿಲ್ಲಲಿಲ್ಲ.

ಈ ಪರೀಕ್ಷೆಯ ತರ್ಕ ಬಹಳ ಸರಳವಾದದ್ದು. ಬ್ರೇಕ್ ತುಳಿದಾಗ ಚಕ್ರದ ಹಬ್ಬು ಮತ್ತು ನಕಲ್ಲು ಒಂದಕ್ಕೊಂದು ಹಿಡಿದುಕೊಳ್ಳುತ್ತವೆ. ಆಗ ಆಟ ಮಾಯವಾದರೆ ಅದು ವೀಲ್ ಬೇರಿಂಗಿನದು; ಆಟ ಉಳಿದರೆ ನಕಲ್ಲೇ ಆಕ್ಸಲಿನ ಮೇಲೆ ಅಲುಗುತ್ತಿದೆ, ಅಂದರೆ ಕಿಂಗ್‌ಪಿನ್ ಬೇರಿಂಗಿನದು. ಟೈರಿನ ಎಡ ಬಲ ಅಂಚುಗಳನ್ನು ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡಿನ ಕಡೆಗೆ ನೋಡಬೇಕು.

ಬಿಚ್ಚಿದಾಗ ನಮ್ಮ ಜೀಪಿನ ಕೆಳಗಿನ ಬೇರಿಂಗಿನ ಗ್ರೀಸು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಹಳ್ಳ ದಾಟುವಾಗ ಹರಿದ ಸೀಲಿನಿಂದ ನೀರು ಒಳಗೆ ಹೋಗಿತ್ತು. ಬೇರಿಂಗಿನ ಕಪ್ಪನ್ನು (ರೋಲರುಗಳು ಕೂರುವ ಹೊರಬಳೆಯನ್ನು) ಒರೆಸಿ ಉಗುರು ಆಡಿಸಿದರೆ, ರೋಲರುಗಳು ಕೂರುವ ಜಾಗದಲ್ಲೆಲ್ಲ ಒಂದೊಂದು ಗೆರೆ ಉಗುರಿಗೆ ತಡೆಯುತ್ತಿತ್ತು. ಗಾಡಿ ಹೆಚ್ಚಿನ ಸಮಯ ನೇರವಾಗಿಯೇ ಓಡುವುದರಿಂದ, ರಸ್ತೆಯ ಪೆಟ್ಟುಗಳೆಲ್ಲ ಅದೇ ಜಾಗದಲ್ಲಿ ಬಿದ್ದು ಈ ಗೆರೆಗಳು ಮೂಡುತ್ತವೆ. ಬಿಚ್ಚದೆಯೇ ಇದನ್ನು ಪತ್ತೆಮಾಡಬಹುದು: ಟೈ ರಾಡನ್ನು ಕಳಚಿ, ಚಕ್ರ ತೆಗೆದು, ನಕಲ್ಲನ್ನು ಕೈಯಿಂದ ನಿಧಾನವಾಗಿ ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ. ಸರಿಯಾದ ಬೇರಿಂಗು ಉದ್ದಕ್ಕೂ ಒಂದೇ ಬಿಗಿಯಲ್ಲಿ ತಿರುಗುತ್ತದೆ; ಗೆರೆ ಬಿದ್ದದ್ದು ನಟ್ಟನಡುವೆ ಬಂದಾಗ ಮೆಟ್ಟಿಲಿಗೆ ಇಳಿದಂತೆ ತಡೆದು ಕೂರುತ್ತದೆ.

ಹೊಸ ಬೇರಿಂಗು ಹಾಕುವಾಗ ಕಪ್ಪುಗಳನ್ನೂ ಸೀಲುಗಳನ್ನೂ ಜೊತೆಗೇ ಬದಲಿಸಬೇಕು. ಟೈ ರಾಡ್ ಕೂರುವ ರಂಧ್ರಕ್ಕೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದು, ನಕಲ್ಲು ತಿರುಗಲು ಎಷ್ಟು ಬಲ ಬೇಕಾಗುತ್ತದೆಂದು ಅಳೆದು, ನಿಮ್ಮ ಮಾದರಿಯ ವರ್ಕ್‌ಶಾಪ್ ಕೈಪಿಡಿಯಲ್ಲಿರುವ ಅಂಕಿಗೆ ಹೊಂದಿಸಿ. ಬಲ ಕಡಿಮೆಯಿದ್ದರೆ ಒಂದು ಶಿಮ್ಮು ತೆಗೆಯಬೇಕು, ಹೆಚ್ಚಿದ್ದರೆ ಸೇರಿಸಬೇಕು. ಸೀಲು ಹಾಕಿದ ಮೇಲೆ ಅಳೆದರೆ ಸೀಲಿನ ಉಜ್ಜುವಿಕೆಯೂ ಲೆಕ್ಕಕ್ಕೆ ಸೇರಿ ಮೋಸವಾಗುತ್ತದೆ. ಅಂದಾಜಿನಲ್ಲಿ ಮಾಡುವ ಕೆಲಸ ಇದಲ್ಲ. ತಕ್ಕಡಿ ಇಲ್ಲದ ಗ್ಯಾರೇಜಿಗೆ ನೀವೇ ಒಂದನ್ನು ಕೊಂಡೊಯ್ಯಿರಿ.

ಎತ್ತರದಿಂದ ಬದಲಾಗುವ ಕೋನಗಳು

ಸಡಿಲವೆಲ್ಲ ಮುಗಿದ ಮೇಲೆ ಕೋನಗಳ ಮಾತು. ಕಿಂಗ್‌ಪಿನ್ನಿನ ನೆತ್ತಿ ಸ್ವಲ್ಪ ಹಿಂದಕ್ಕೆ ವಾಲಿರುವುದನ್ನು ಕ್ಯಾಸ್ಟರ್ ಎನ್ನುತ್ತಾರೆ. ಸೈಕಲ್ಲಿನ ಮುಂದಿನ ಫೋರ್ಕು ಓರೆಯಾಗಿರುವುದರಿಂದ ಕೈ ಬಿಟ್ಟರೂ ಅದು ನೇರ ಓಡುವಂತೆ, ತಿರುವಿನ ನಂತರ ಸ್ಟೀರಿಂಗ್ ತಾನಾಗಿ ನೆಟ್ಟಗಾಗುವುದು ಈ ವಾಲಿನಿಂದ. ಜಿಪ್ಸಿಯ ಮುಂದಿನ ಪ್ಲೇಟುಗಳಿಗೆ ಶ್ಯಾಕಲ್ ಇರುವುದು ಮುಂದುಗಡೆ. ಕಡಿಮೆ ಖರ್ಚಿನಲ್ಲಿ ಎತ್ತರ ಪಡೆಯಲು ಉದ್ದದ ಶ್ಯಾಕಲ್ ಹಾಕಿದರೆ ಪ್ಲೇಟಿನ ಮುಂದಿನ ತುದಿ ಚಾಸಿಯಿಂದ ಕೆಳಗಿಳಿದು, ಆಕ್ಸಲಿನ ನೆತ್ತಿ ಮುಂದಕ್ಕೆ ಉರುಳುತ್ತದೆ. ಕ್ಯಾಸ್ಟರ್ ಅಷ್ಟರಮಟ್ಟಿಗೆ ಕಳೆಯುತ್ತದೆ. ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯಲು ಶುರುಮಾಡುತ್ತದೆ.

ಇದನ್ನು ಸರಿಪಡಿಸಲು ಪ್ಲೇಟಿಗೂ ಆಕ್ಸಲಿಗೂ ನಡುವೆ ಬೆಣೆಯಾಕಾರದ ಶಿಮ್ಮು ಕೊಡುತ್ತಾರೆ. ಉಕ್ಕಿನ ಬೆಣೆಯನ್ನೇ ಆರಿಸಿ, ಮೆತ್ತಗಿನ ಅಲ್ಯೂಮಿನಿಯಮ್ಮಿನದು ಹಿಸುಕಿ ಹೊರಬರುತ್ತದೆ. ಬೆಣೆ ಬಂದ ಮೇಲೆ ನಡುಬೋಲ್ಟಿನ ತಲೆ ಆಕ್ಸಲಿನ ಗುಣಿಯಲ್ಲಿ ಮೊದಲಿನಷ್ಟೇ ಆಳವಾಗಿ ಕೂರುತ್ತದೆಯೇ ಎಂದು ನೋಡಿ, ಇಲ್ಲವಾದರೆ ಉದ್ದದ ಬೋಲ್ಟು ಹಾಕಿ. ಕ್ಯಾಸ್ಟರ್ ಹೆಚ್ಚಿಸಿದಷ್ಟೂ ಡಿಫರೆನ್ಷಿಯಲ್ಲಿನ ಮೂತಿ ಕೆಳಗಿಳಿದು ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ ಎಂಬುದು ನೆನಪಿರಲಿ. ಅಲ್ಲದೆ, ಕ್ಯಾಸ್ಟರ್ ಅತಿಯಾದರೂ ಓಲಾಟ ಬರುತ್ತದೆ. ಮೂಲ ಅಳತೆಗೆ ಮರಳುವುದಷ್ಟೇ ಗುರಿಯಾಗಿರಲಿ.

ಡ್ರ್ಯಾಗ್ ಲಿಂಕ್ ಮೂಲದಲ್ಲಿ ಬಹುಮಟ್ಟಿಗೆ ನೆಲಕ್ಕೆ ಸಮವಾಗಿರುತ್ತದೆ. ಎತ್ತರವಾದಾಗ ಅದು ಓರೆಯಾಗಿ, ಪ್ಲೇಟು ಕುಗ್ಗಿದಾಗಲೆಲ್ಲ ಚಕ್ರವನ್ನು ತಳ್ಳುತ್ತದೆ. ಎರಡು ಇಂಚಿನ ತನಕ ಇದನ್ನು ಸಹಿಸಬಹುದು; ಅದಕ್ಕಿಂತ ಹೆಚ್ಚಾದರೆ ಆರ್ಮನ್ನು ಕೆಳಗಿಳಿಸುವ ವ್ಯವಸ್ಥೆ ಬೇಕು. ಜಿಮ್ನಿಯಲ್ಲಿ ಆಕ್ಸಲನ್ನು ಎಡಬಲಕ್ಕೆ ಜರುಗದಂತೆ ಹಿಡಿಯುವ ಪಾನ್‌ಹಾರ್ಡ್ ರಾಡ್ ಕೂಡ ಇದೆ. ಆ ರಾಡಿನ ಬೋಲ್ಟು ಸ್ವಲ್ಪ ಸಡಿಲವಾಗಿ ಕೆಲವು ಸಾವಿರ ಕಿಲೋಮೀಟರು ಓಡಿದರೆ ರಂಧ್ರ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ, ಆಮೇಲೆ ಎಷ್ಟು ಬಿಗಿದರೂ ಹಿಡಿಯುವುದಿಲ್ಲ. ಅಲ್ಲಿ ಡ್ರ್ಯಾಗ್ ಲಿಂಕನ್ನು ಮಾತ್ರ ಕೆಳಗಿಳಿಸಿ ಪಾನ್‌ಹಾರ್ಡ್ ರಾಡನ್ನು ಹಾಗೆಯೇ ಬಿಡುವುದು ತಪ್ಪು. ಎರಡೂ ಒಂದೇ ಓರೆಯಲ್ಲಿರಬೇಕು.

ಟೋ ಅಳತೆಯನ್ನು, ಅಂದರೆ ಮುಂದಿನ ಚಕ್ರಗಳು ಒಳಮುಖವಾಗಿವೆಯೋ ಹೊರಮುಖವಾಗಿವೆಯೋ ಎಂಬುದನ್ನು, ಮನೆಯಲ್ಲೇ ನೋಡಬಹುದು. ಜಾಕಿಯ ಮೇಲೆ ಟೈರು ತಿರುಗಿಸುತ್ತ ನಡುವಿಗೆ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ಇಳಿಸಿ ಸ್ವಲ್ಪ ಮುಂದಕ್ಕೆ ತಳ್ಳಿ, ಆಕ್ಸಲಿನ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ದೂರವನ್ನು ಮುಂದೆಯೂ ಹಿಂದೆಯೂ ಟೇಪಿನಿಂದ ಅಳೆಯಿರಿ. ಮುಂದಿನ ಅಳತೆ ಹಿಂದಿನದಕ್ಕಿಂತ ಕೆಲವೇ ಮಿಲಿಮೀಟರು ಕಡಿಮೆಯಿರಬೇಕು. ಹೆಚ್ಚಿದ್ದರೆ ಚಕ್ರಗಳು ಹೊರಮುಖವಾಗಿವೆ, ಗಾಡಿ ನೆಟ್ಟಗೆ ನಿಲ್ಲದು.

ಡ್ಯಾಂಪರನ್ನು ಕಳಚಿಟ್ಟು ಓಡಿಸಿ ನೋಡುವುದು ಕೊನೆಯ ಪರೀಕ್ಷೆ. ಎಲ್ಲವೂ ಸರಿಯಿರುವ ಜೀಪು ಡ್ಯಾಂಪರ್ ಇಲ್ಲದೆಯೂ ಓಲಾಡಬಾರದು. ನಲವತ್ತು, ಐವತ್ತು, ಅರವತ್ತು ಎಂದು ಹಂತಹಂತವಾಗಿ, ಜನವಾಹನವಿಲ್ಲದ ನೇರ ರಸ್ತೆಯಲ್ಲಿ ಏರಿಸಿ, ಮೊದಲು ನಡುಗಿದ ವೇಗದಲ್ಲೇ ಸಣ್ಣ ಉಬ್ಬೊಂದನ್ನು ದಾಟಿ. ಸುಮ್ಮನಿದ್ದರೆ ಡ್ಯಾಂಪರ್ ಮರಳಿ ಹಾಕಿಕೊಳ್ಳಿ. ನಡುಗಿದರೆ ಇನ್ನೂ ಒಂದು ಆಟ ಎಲ್ಲೋ ಉಳಿದಿದೆ, ಮತ್ತೆ ಕೆಳಗೆ ಮಲಗಬೇಕು.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಗಳನ್ನು ನಿರ್ಬಂಧಿಸುತ್ತದೆ. ಸಾರ್ವಜನಿಕ ರಸ್ತೆಗೆ ತರುವ ಗಾಡಿಯ ಎತ್ತರ ನಿರ್ಧರಿಸುವಾಗ ಇದನ್ನೂ ಗಮನದಲ್ಲಿಡಬೇಕು.

ಕೆಲಸ ಮುಗಿದು ನೂರು ಕಿಲೋಮೀಟರು ಓಡಿದ ಮೇಲೆ ಚಕ್ರದ ನಟ್ಟುಗಳನ್ನೂ ಯು ಬೋಲ್ಟುಗಳನ್ನೂ ಟಾರ್ಕ್ ರೆಂಚಿನಿಂದ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರಿನಿಂದ) ಮತ್ತೆ ಬಿಗಿದು, ಐನೂರರಲ್ಲಿ ಇನ್ನೊಮ್ಮೆ ನೋಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಚಕ್ರ ಎತ್ತಿ, ಬ್ರೇಕ್ ತುಳಿಸಿ, ನೆತ್ತಿ ತಳ ಹಿಡಿದು ಅಲುಗಿಸಿ ನೋಡಿ. ಜಾಕಿ ಏರಿಸುವುದೂ ಸೇರಿ ಒಂದು ಬದಿಗೆ ಹತ್ತು ನಿಮಿಷ ಸಾಕು.